ಲೋರಿಯಾಂ ಅಥವಾ ಸೇಂಟ್ ನಜೈರ್: ಬೈಕ್‌ನಲ್ಲಿ ಹೋಗುವವರಿಗೆ ಯಾವುದು ಮೇಲು?

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನ್ನರು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯ ಐದು ಕಡೆ ಸಬ್‌ಮರೀನ್‌ಗಳಿಗೆ ಕಾಂಕ್ರೀಟ್ ಕೋಟೆ ಕಟ್ಟಿದರು: ಬ್ರೆಸ್ಟ್, ಲೋರಿಯಾಂ, ಸೇಂಟ್ ನಜೈರ್, ಲಾ ಪಾಲಿಸ್, ಬೋರ್ಡೊ. ರಜೆ ಕಡಿಮೆ ಇದ್ದರೆ ಐದನ್ನೂ ನೋಡುವುದು ಆಗದ ಮಾತು. ಬ್ರೆಸ್ಟ್‌ನದ್ದು ಇವತ್ತಿಗೂ ನೌಕಾಪಡೆಯ ಬಂದರಿನೊಳಗಿದೆ, ಸುಮ್ನೆ ಹೋಗಿ ನೋಡಿ ಬರಲು ಆಗುವುದಿಲ್ಲ. ಬೋರ್ಡೊದಲ್ಲಿ 2020ರಿಂದ ಗೋಡೆ ತುಂಬ ವರ್ಣಚಿತ್ರಗಳ ಬೆಳಕಿನ ಪ್ರದರ್ಶನ ನಡೆಯುತ್ತಿದೆ. ಚೆಂದವೇ, ಆದರೆ ಯುದ್ಧದ ಕತೆ ಹಿಂದೆ ಸರಿದಿದೆ. ಹಾಗಾಗಿ ನಾವು ಗೆಳೆಯರು ಲೋರಿಯಾಂ, ಸೇಂಟ್ ನಜೈರ್ ಎರಡಕ್ಕೇ ಸಮಯ ಕೊಟ್ಟೆವು. ಒಂದನ್ನೇ ನೋಡಲು ಸಾಧ್ಯ ಅಂದರೆ ನನ್ನ ಓಟು ಲೋರಿಯಾಂಗೆ.

ಯಾಕೆ ಅಂದರೆ, ಅಲ್ಲಿನ ಕೆರೊಮಾಂ ನೆಲೆಯಲ್ಲಿ ಇಡೀ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಅನ್ನುವುದು ಕಣ್ಣಿಗೆ ಕಾಣುತ್ತದೆ. 1941ರಿಂದ 1943ರ ನಡುವೆ ಕಟ್ಟಿದ ಮೂರು ದೈತ್ಯ ಕಟ್ಟಡಗಳಿವೆ. ಮೊದಲ ಎರಡು ನೀರಿನಲ್ಲಿಲ್ಲ, ಒಣ ನೆಲದ ಮೇಲಿವೆ. ಸಬ್‌ಮರೀನನ್ನು ಇಳಿಜಾರಿನ ಮೇಲೆ ಎಳೆದು ದಡಕ್ಕೆ ತರುತ್ತಿದ್ದರು. ಆಮೇಲೆ ಹಳಿಗಳ ಮೇಲೆ ಅಡ್ಡಡ್ಡ ಸರಿಯುವ ದೊಡ್ಡ ಗಾಡಿಯಲ್ಲಿಟ್ಟು, ಯಾವ ಗೂಡು ಖಾಲಿಯೋ ಅದರ ಎದುರು ನಿಲ್ಲಿಸಿ ಒಳಗೆ ತಳ್ಳುತ್ತಿದ್ದರು. ಎರಡು ಕಟ್ಟಡಗಳ ನಡುವಿನ ಆ ಅಗಲವಾದ ಅಂಗಳದಲ್ಲಿ ನಿಂತರೆ ಯಾರೂ ವಿವರಿಸುವುದೇ ಬೇಡ. ಮೂರನೆಯದರ ಚಾವಣಿ 7 ಮೀಟರಿಗಿಂತ ದಪ್ಪ. 1943ರ ಜನವರಿ-ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಊರೇ ನೆಲಸಮವಾಯಿತು, ನೆಲೆ ಮಾತ್ರ ಉಳಿಯಿತು. ಫ್ರೆಂಚ್ ನೌಕಾಪಡೆ 1997ರವರೆಗೂ ಅದನ್ನು ಬಳಸಿತು. ಮನೆಮಠ ಕಳೆದುಕೊಂಡ ಆ ಊರಿನವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಮ್ಮವರಿಗೆ ಇಲ್ಲಿ ಇನ್ನೊಂದು ಎಳೆ ಇದೆ. 1943ರ ಏಪ್ರಿಲ್‌ನಲ್ಲಿ ಮಡಗಾಸ್ಕರ್ ಹತ್ತಿರದ ಸಮುದ್ರದಲ್ಲಿ ನೇತಾಜಿ ಜರ್ಮನ್ ಸಬ್‌ಮರೀನ್‌ನಿಂದ ಜಪಾನಿನ ಐ-29 ಸಬ್‌ಮರೀನಿಗೆ ಬದಲಾಯಿಸಿದರಲ್ಲ, ಅದೇ ಐ-29 1944ರ ಮಾರ್ಚ್‌ನಲ್ಲಿ ಲೋರಿಯಾಂಗೆ ಬಂದಿತ್ತು. ಜಪಾನಿಗೆ ವಾಪಸ್ ಹೋಗುವ ದಾರಿಯಲ್ಲಿ, ಆ ಜುಲೈನಲ್ಲೇ, ಅಮೆರಿಕನ್ನರು ಅದನ್ನು ಮುಳುಗಿಸಿದರು. ಇದನ್ನು ಹೇಳಿದಾಗ ನಮ್ಮ ಗುಂಪಿನವರೆಲ್ಲ ಮಾತು ನಿಲ್ಲಿಸಿ ಕೇಳಿದರು.

ಸೇಂಟ್ ನಜೈರ್ ಬೇರೆಯೇ ಬಗೆ. 14 ಗೂಡುಗಳ, ಸುಮಾರು 300 ಮೀಟರ್ ಉದ್ದದ ಒಂದೇ ಕಟ್ಟಡ ಊರ ನಡುವೆಯೇ ಕೂತಿದೆ. ಚಾವಣಿಗೆ ಹತ್ತಿ ಬಂದರು ನೋಡಬಹುದು. ಆದರೆ ಒಳಗಿನ ದೊಡ್ಡ ಮ್ಯೂಸಿಯಂ ಹಳೆಯ ಪ್ರಯಾಣಿಕ ಹಡಗುಗಳದ್ದು, ಯುದ್ಧದ್ದಲ್ಲ. ಅಲ್ಲಿ ಮನಸ್ಸು ಹಿಡಿಯುವುದು ಹತ್ತಿರದ ನಾರ್ಮಂಡಿ ಡಾಕ್, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ. 1942ರ ಮಾರ್ಚ್ 28ರ ನಸುಕಿಗೂ ಮುಂಚೆ ಬ್ರಿಟಿಷರು ಕ್ಯಾಂಬೆಲ್‌ಟೌನ್ ಅನ್ನುವ ಹಳೆಯ ಹಡಗಿನಲ್ಲಿ ಸ್ಫೋಟಕ ತುಂಬಿ ಆ ಡಾಕಿನ ಬಾಗಿಲಿಗೇ ಗುದ್ದಿಸಿದರು. ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆ ರಿಪೇರಿಗೆ ಹೋಗಬಹುದಾಗಿದ್ದ ಜಾಗ ಆ ಕರಾವಳಿಯಲ್ಲಿ ಅದೊಂದೇ. ಹಡಗು ಸಿಡಿದದ್ದು ಕೆಲವು ಗಂಟೆಗಳ ನಂತರ, ಹಗಲಿನಲ್ಲಿ. ದಾಳಿಗೆ ಹೋದ ಆರುನೂರಕ್ಕೂ ಹೆಚ್ಚು ಜನರಲ್ಲಿ 169 ಮಂದಿ ಸತ್ತರು. ಧೈರ್ಯದ ಕತೆ ಬೇಕಾದವರಿಗೆ ಇದೇ ಜಾಗ, ಅದರಲ್ಲಿ ಎರಡು ಮಾತಿಲ್ಲ.

ಒಳಗೆ ಹೊಕ್ಕು ನೋಡುವಂಥ ಸಬ್‌ಮರೀನ್ ಎರಡೂ ಕಡೆ ಇದೆ: ಲೋರಿಯಾಂನಲ್ಲಿ ಫ್ಲೋರ್, ಸೇಂಟ್ ನಜೈರ್‌ನಲ್ಲಿ ಎಸ್ಪಾಡೋನ್. ಎರಡೂ ಯುದ್ಧದ ನಂತರ ಫ್ರೆಂಚರು ಕಟ್ಟಿದವು, ಜರ್ಮನ್ನರದ್ದಲ್ಲ. ಎಸ್ಪಾಡೋನ್ ಜರ್ಮನ್ನರೇ ಕಟ್ಟಿದ ಮುಚ್ಚಿದ ಕಾಲುವೆಯೊಳಗೆ ನೀರಿನಲ್ಲಿದೆ, ಆ ನೋಟ ಚೆನ್ನ. ಎರಡರಲ್ಲೂ ಬೈಕ್ ಜಾಕೆಟ್ ಹಾಕಿಕೊಂಡು ಹೋಗಬೇಡಿ. ದುಂಡನೆಯ ಬಾಗಿಲಲ್ಲಿ ತೂರುವಾಗ ಭುಜ, ಮೊಣಕೈ ಎಲ್ಲ ತಗಲುತ್ತವೆ.

ರೈಡಿಂಗ್ ಲೆಕ್ಕದಲ್ಲಿ ಸೇಂಟ್ ನಜೈರ್ ಗೆಲ್ಲುತ್ತದೆ. ಗೆರಾಂಡ್‌ನ ಉಪ್ಪಿನ ಗದ್ದೆಗಳ ಪಕ್ಕದ ಸಣ್ಣ ರಸ್ತೆ ಬಲು ಸೊಗಸು. ಅಲ್ಲೇ ಬಾ-ಸುರ್-ಮೇರ್‌ನಲ್ಲಿ, ಸಮುದ್ರದಿಂದ ಮನೆಯಂತೆ ಕಾಣಲಿ ಅಂತ ಸುಳ್ಳು ಕಿಟಕಿ ಬರೆದಿದ್ದ ಬಂಕರ್ ಈಗ ಮ್ಯೂಸಿಯಂ. ಎರಡು ಊರುಗಳ ನಡುವಿನ ಹೆದ್ದಾರಿಗೆ ಟೋಲ್ ಇಲ್ಲ, ಹಾಗೇ ನೋಡುವಂಥದ್ದೂ ಜಾಸ್ತಿ ಇಲ್ಲ. ಸೇಂಟ್ ನಜೈರ್ ಪಕ್ಕದಲ್ಲೇ ಲುವಾರ್ ನದಿಯ ಮೇಲಿನ 3 ಕಿಲೋಮೀಟರಿಗೂ ಉದ್ದದ ಸೇತುವೆಯಲ್ಲಿ ಅಡ್ಡಗಾಳಿ ಜೋರು, ಹಗುರ ಬೈಕ್ ಇದ್ದವರು ನಿಧಾನಕ್ಕೆ ದಾಟಿ. ಇನ್ನು ಗ್ಲೌಸ್: ಫ್ರಾನ್ಸಿನಲ್ಲಿ 2016ರಿಂದ ಸಿಇ (ಯುರೋಪಿನ ಸುರಕ್ಷತಾ ಮಾನದಂಡದ) ಗುರುತಿನ ಗ್ಲೌಸ್ ಕಡ್ಡಾಯ, ಹಿಂದೆ ಕೂತವರಿಗೂ.