ಮೊಣಕಾಲು ನೋವಿಗೆ ವಿಶ್ರಾಂತಿ, ಬೈಠಕ್, ಸೈಕಲ್, ಮೆಟ್ಟಿಲು: ನನಗೆ ಒಗ್ಗಿದ್ದು ಯಾವುದು

ಪುಣೆಯಿಂದ ನೆಂಟರು ಬಂದಿದ್ದರು. ವಿಜಯಪುರಕ್ಕೆ ನೆಂಟರು ಬಂದರೆ ಗೋಳಗುಮ್ಮಟ ಹತ್ತಿಸದೆ ಕಳಿಸುವ ಹಾಗಿಲ್ಲ. ಮೂಲೆ ಗೋಪುರದೊಳಗಿನ ಕಡಿದಾದ ಕಲ್ಲಿನ ಮೆಟ್ಟಿಲು, ಏಳು ಅಂತಸ್ತು. ಹತ್ತುವಾಗ ಏನೂ ಆಗಲಿಲ್ಲ. ಮೇಲೆ ಗ್ಯಾಲರಿಯಲ್ಲಿ ಎಲ್ಲರೂ ಕೂಗಿ, ಚಪ್ಪಾಳೆ ತಟ್ಟಿದ್ದೂ ಆಯ್ತು. ಇಳಿಯಲು ಶುರು ಮಾಡಿದ ಮೇಲೆ ಎಡಗಾಲಿನ ಚಿಪ್ಪಿನ ಹಿಂದೆ ಒಂದೊಂದು ಮೆಟ್ಟಿಲಿಗೂ ಮುಳ್ಳು ಮುರಿದ ಹಾಗಾಯಿತು. ಕೊನೆಗೆ ಚಿಕ್ಕ ಮಕ್ಕಳ ಥರ ಅಡ್ಡಕ್ಕೆ ತಿರುಗಿ, ಎರಡೂ ಕಾಲನ್ನು ಒಂದೇ ಮೆಟ್ಟಿಲ ಮೇಲೆ ಇಟ್ಟು ಇಳಿದೆ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಎರಡು ತಿಂಗಳ ಹಿಂದೆ, 36ನೇ ವಯಸ್ಸಿಗೆ, ಬಾಕ್ಸಿಂಗ್ ತರಬೇತಿಗೆ ಸೇರಿದ್ದೆ. ಮೊದಲ ವಾರದಿಂದಲೇ ಮೂರು ನಿಮಿಷದ ಐದು ರೌಂಡ್ ಸ್ಕಿಪ್ಪಿಂಗ್. ನಿಮಿಷಕ್ಕೆ ನೂರು ಜಿಗಿತ ಅಂದರೂ ದಿನಕ್ಕೆ 1500. ಅದೂ ಸಿಮೆಂಟ್ ನೆಲದ ಮೇಲೆ, ಅಡಿ ಸವೆದ ಬೂಟಿನಲ್ಲಿ. ಅದಕ್ಕೂ ಮೊದಲು ಹತ್ತು ವರ್ಷ ಕುರ್ಚಿ ಬಿಟ್ಟು ಎದ್ದವನಲ್ಲ ನಾನು.

ಆಮೇಲಿನ ಐದು ತಿಂಗಳಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ. ಯಾವುದು ಎಷ್ಟು ಉಪಯೋಗವಾಯಿತು ಅಂತ ಅಳೆಯಲು ನನ್ನ ಹತ್ತಿರ ದೊಡ್ಡ ಯಂತ್ರವೇನೂ ಇರಲಿಲ್ಲ. ಮೂರೇ ಪರೀಕ್ಷೆ: ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಕೈ ಊರದೆ ಏಳುವುದು, ಮತ್ತೆ ಟೇಲರ್ ಟೇಪಿನಿಂದ ತೊಡೆಯ ಸುತ್ತಳತೆ. ಚಿಪ್ಪಿನಿಂದ ಒಂದು ಗೇಣು ಮೇಲೆ ಪೆನ್ನಿನಿಂದ ಗುರುತು ಹಾಕಿ, ಎರಡೂ ತೊಡೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಮೊಣಕಾಲಿಗೆ ಬಿಗಿ ಪಟ್ಟಿ, ಅಂದರೆ ನೀ ಕ್ಯಾಪ್ ಹಾಕಿಕೊಂಡು, ಸ್ಪ್ರೇ ಹೊಡೆದುಕೊಂಡು, ಮೂರು ವಾರ ಸುಮ್ನೆ ಕೂತೆ. ನೋವು ಹೋಯಿತು. ಖುಷಿಯಾಗಿ ಬಾಕ್ಸಿಂಗ್ ಹಾಲ್‌ಗೆ ಹೋದೆ. ಎರಡನೇ ರೌಂಡ್ ಸ್ಕಿಪ್ಪಿಂಗ್‌ಗೆ ನೋವು ಮತ್ತೆ ಹಾಜರ್! ಟೇಪ್ ಹಿಡಿದು ನೋಡಿದರೆ ಎಡ ತೊಡೆ ಬಲ ತೊಡೆಗಿಂತ 2 ಸೆಂಟಿಮೀಟರ್ ಸಣ್ಣ. ನೋವಿದ್ದಾಗ ನಮಗೆ ಗೊತ್ತಿಲ್ಲದೆ ಭಾರವೆಲ್ಲ ಇನ್ನೊಂದು ಕಾಲಿಗೆ ಹಾಕುತ್ತೇವೆ, ಕೆಲಸ ಇಲ್ಲದ ತೊಡೆ ಸೊರಗುತ್ತದೆ. ಮೊದಲ ನಾಲ್ಕೈದು ದಿನದ ವಿಶ್ರಾಂತಿ ಬೇಕಿತ್ತು, ಅದರಲ್ಲಿ ಅನುಮಾನ ಇಲ್ಲ. ಉಳಿದ ಎರಡು ವಾರ ದಂಡ. ನೀ ಕ್ಯಾಪ್ ಬೆಚ್ಚಗಿರುತ್ತದೆ, ಧೈರ್ಯ ಕೊಡುತ್ತದೆ. ಬಲ ಕೊಡಲ್ಲ.

ನಾನು ಕುಂಟುವುದು ನೋಡಿ ಕಾಕಾ ಸುಮ್ಮನಿರಲಿಲ್ಲ. ಅವರು ಹರೆಯದಲ್ಲಿ ಗರಡಿಮನೆಯಲ್ಲಿ ಸಾಮು ತೆಗೆದವರು. "ನೋವು ಅಂತ ಕುಂತ್ರ ಕಾಲು ಕಡ್ಡಿ ಆಗ್ತಾವ ತಮ್ಮಾ. ದಿನಾ ಐವತ್ತು ಬೈಠಕ್ ಹೊಡಿ, ಎಲ್ಲಾ ಹೋಗ್ತದ" ಅಂದರು. ಹೊಡೆದೆ. ಬೈಠಕ್‌ನಲ್ಲಿ ಪೂರ್ತಿ ಕೆಳಗೆ ಕೂರಬೇಕು, ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಬೆರಳು ದಾಟಿ ಮುಂದೆ ಹೋಗುತ್ತದೆ, ಅದೂ ಜೋರಾಗಿ, ಒಂದೇ ಲಯದಲ್ಲಿ. ಮೊಣಕಾಲು ಜಾಸ್ತಿ ಮಡಚಿದಷ್ಟೂ ಚಿಪ್ಪು ತೊಡೆ ಎಲುಬಿಗೆ ಜಾಸ್ತಿ ಒತ್ತುತ್ತದೆ. ಮೊದಲೇ ಸಿಟ್ಟಿಗೆದ್ದ ಚಿಪ್ಪು, ಕೇಳಬೇಕಾ? ನಾಲ್ಕನೇ ದಿನ ಊಟದ ಮುಂದಿನಿಂದ ಏಳಲು ಹೆಂಡತಿಯ ಕೈ ಬೇಕಾಯಿತು. ಪಾಯಖಾನೆಯ ಕಥೆ ಇಲ್ಲಿ ಬೇಡ.

ಆದರೆ ಬೈಠಕ್ ಕೆಟ್ಟದ್ದು ಅಂತ ಬರೆದರೆ ಕಾಕಾನಿಗೆ ಮೋಸ ಮಾಡಿದ ಹಾಗೆ. ಗರಡಿಯವರು ಹುಡುಗರಿದ್ದಾಗಿನಿಂದ ಐದೈದು ಹೆಚ್ಚಿಸುತ್ತಾ ನೂರಾರಕ್ಕೆ ಹೋದವರು. ನಾನು ನೋವಿನ ಕಾಲಿಟ್ಟುಕೊಂಡು ನೇರ ಐವತ್ತಕ್ಕೆ ಹಾರಿದೆ.

ಸೈಕಲ್ ನನ್ನದೇ ಯೋಚನೆ. ರಾಷ್ಟ್ರ ಮಟ್ಟದಲ್ಲಿ ಓಡಿಸುವ ಸೈಕಲ್ ಪಟುಗಳನ್ನು ಕೊಟ್ಟ ಊರಿನಲ್ಲಿದ್ದು ಸೈಕಲ್ ಬಿಟ್ಟರೆ ಹೇಗೆ? ಬೆಳಿಗ್ಗೆ ಬಿಸಿಲೇರುವ ಮುನ್ನ ಇಬ್ರಾಹಿಂ ರೋಜಾ ಕಡೆಗೆ ಅರ್ಧ ಗಂಟೆ. ಮೊದಲ ವಾರ ಇದೂ ನೋಯಿಸಿತು. ತಪ್ಪು ಸೀಟಿನದು. ಪೇಟೆಗೆ ಹೋಗುವವರ ಥರ ಸೀಟು ತಗ್ಗಿಸಿಕೊಂಡಿದ್ದೆ. ಸೀಟು ತಗ್ಗಿದರೆ ಪ್ರತಿ ಸುತ್ತಿಗೂ ಮೊಣಕಾಲು ಜಾಸ್ತಿ ಮಡಚುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಸ್ವಲ್ಪವೇ ಬಾಗು ಉಳಿಯುತ್ತದೆ. ಸೀಟು ಮೂರು ಬೆರಳು ಏರಿಸಿದೆ, ಹಗುರ ಗೇರ್ ಹಾಕಿದೆ. ಅವತ್ತಿನಿಂದ ಸೈಕಲ್ ಮೇಲೆ ನೋವಿಲ್ಲ. ಬಿಟ್ಟುಹೋಗಿದ್ದ ದಮ್ಮು ವಾಪಸ್ ಬಂತು, ಕಾಲಿನ ಬಿಗಿತ ಹೋಯಿತು. ಆದರೆ ಒಂದೂವರೆ ತಿಂಗಳಾದರೂ ಟೇಪ್ ಅಲ್ಲೇ ನಿಂತಿತ್ತು. ಹಗುರ ಗೇರಿನಲ್ಲಿ ತೊಡೆಗೆ ಅಂಥ ಭಾರ ಬೀಳಲ್ಲ. ಬಲಗಾಲು ಎಡಗಾಲಿನ ಕೆಲಸವನ್ನೂ ಮಾಡುತ್ತದೆ. ಜಿಗಿದು ನೆಲಕ್ಕೆ ಬೀಳುವ ಹೊಡೆತಕ್ಕಂತೂ ಸೈಕಲ್‌ನಿಂದ ತಯಾರಿ ಆಗಲ್ಲ.

ಕೊನೆಗೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು, ಗೊತ್ತು. ಅವರು ಮೊದಲು ಕೇಳಿದ್ದು ಮೊಣಕಾಲು ಬಾತಿತ್ತಾ, ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತದಾ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿಯುತ್ತದಾ, ತಿರುಗುವಾಗ 'ಟಕ್' ಅಂದಿತ್ತಾ ಅಂತ. ಯಾವುದೂ ಇರಲಿಲ್ಲ. ಇದರಲ್ಲಿ ಒಂದಿದ್ದರೂ ಮುಂದೆ ಓದಬೇಡಿ, ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಅದು ಬೇರೆಯೇ ಕಥೆ.

ಕೊಟ್ಟ ವ್ಯಾಯಾಮ ನೋಡಿ ನಿರಾಸೆಯಾಯಿತು. ಇಷ್ಟೇನಾ? ಬೆನ್ನು ಗೋಡೆಗೆ ಒರಗಿಸಿ ಅರ್ಧ ಕುರ್ಚಿಯಂತೆ ಕೂತು 45 ಸೆಕೆಂಡ್, ಐದು ಸಲ. ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು, ಸೊಂಟದ ಪಕ್ಕದ ಸ್ನಾಯುವಿಗೆ. ತುದಿಗಾಲಲ್ಲಿ ಏಳುವುದು, ಮೀನಖಂಡಕ್ಕೆ. ಮತ್ತೆ ಮೆಟ್ಟಿಲು.

ಈ ಮೆಟ್ಟಿಲಿನ ವ್ಯಾಯಾಮ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆರು ಇಂಚಿನ ಮೆಟ್ಟಿಲ ಅಂಚಿನಲ್ಲಿ ಎಡಗಾಲ ಮೇಲೆ ನಿಲ್ಲಬೇಕು. ಬಲಗಾಲು ಮುಂದೆ ಗಾಳಿಯಲ್ಲಿ. ಮೂರು ಎಣಿಸುತ್ತಾ ಎಡ ಮೊಣಕಾಲು ಮಡಚಿ ಇಳಿಯಬೇಕು. ಬಲ ಹಿಮ್ಮಡಿ ನೆಲಕ್ಕೆ ಸೋಕಿದ ಕೂಡಲೇ, ಅದರ ಮೇಲೆ ಭಾರ ಬಿಡದೆ, ಮತ್ತೆ ಮೇಲೆ. ಎಡ ಮೊಣಕಾಲು ಒಳಗೆ ವಾಲಬಾರದು, ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಮೊದಲ ದಿನ ನನ್ನ ಮೊಣಕಾಲು ಕುಡಿದವನ ಸೈಕಲ್ ಹ್ಯಾಂಡಲ್ ಥರ ಅಲ್ಲಾಡಿತು. ಎಂಟು ಸಲಕ್ಕೆ ತೊಡೆ ನಡುಗಿತು. ಐವತ್ತು ಬೈಠಕ್ ಹೊಡೆದವನಿಗೆ ಎಂಟು!

ಒಂದು ನಿಯಮವನ್ನೂ ಕೊಟ್ಟರು. "ಸರ್, ಮಾಡುವಾಗ ನೋವು ಹತ್ತಕ್ಕೆ ಮೂರು ದಾಟಬಾರದು. ಮರುದಿನ ಬೆಳಿಗ್ಗೆಗೆ ಮೊದಲಿನ ಹಾಗೇ ಆಗಿರಬೇಕು. ಆಗಿಲ್ಲ ಅಂದ್ರೆ ನಿನ್ನೆದು ಜಾಸ್ತಿ ಆಯ್ತು ಅಂತ ಅರ್ಥ." ಕಾಕಾ ನೋವನ್ನು ಲೆಕ್ಕಕ್ಕೇ ಇಡಲಿಲ್ಲ, ನಾನು ನೋವು ಅಂದರೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಸ್ವಲ್ಪ ನೋವಿನ ಜೊತೆಗೇ ಮುಂದೆ ಹೋಗಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಐದನೇ ವಾರಕ್ಕೆ ಭಾರ ಸೇರಿಸಬೇಕಾಯಿತು. ಮಗಳ ಹಳೇ ಸ್ಕೂಲ್ ಬ್ಯಾಗಿಗೆ 5 ಕಿಲೋ ಜೋಳ ತುಂಬಿ ಬೆನ್ನಿಗೆ ಹಾಕಿಕೊಂಡೆ. "ಬೀಸೂ ಜೋಳ ಬೆನ್ನಿಗಿ ಕಟಗೊಂಡು ಕುಣಿಯಾಕತ್ತೀಯಲ್ಲೋ" ಅಂತ ಅವ್ವ ನಕ್ಕಿದ್ದೇ ನಕ್ಕಿದ್ದು. ಹತ್ತನೇ ವಾರಕ್ಕೆ ಜೋಳ 10 ಕಿಲೋ. ಟೇಪಿನಲ್ಲಿ ವ್ಯತ್ಯಾಸ 2 ಸೆಂಟಿಮೀಟರಿನಿಂದ ಅರ್ಧ ಸೆಂಟಿಮೀಟರಿಗೆ ಇಳಿಯಿತು. ಬೇಜಾರಿನ ಕೆಲಸ, ನಿಜ. ನಾಲ್ಕರಲ್ಲಿ ಒಂದೇ ಆರಿಸು ಅಂದರೆ ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. ಎರಡು ಅಂದರೆ ಇದರ ಜೊತೆ ಸೈಕಲ್.

ರಿಂಗಿಗೆ ವಾಪಸ್ ಹೋಗುವಾಗಲೂ ಒಂದು ಹೋಲಿಕೆ ಸಿಕ್ಕಿತು. ನಾನು ಬಲಗೈಯವನು, ಎಡಗಾಲು ಮುಂದೆ. ಎಡ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ಹೊಡೆಯುವಾಗ ಮುಂದಿನ ಹಿಮ್ಮಡಿ ಎತ್ತಿ ಪಾದ ತಿರುಗಿಸಬೇಕು. ಹಿಮ್ಮಡಿ ನೆಲಕ್ಕಂಟಿದ್ದರೆ ಸೊಂಟ ತಿರುಗುತ್ತದೆ, ಪಾದ ತಿರುಗಲ್ಲ, ನಡುವಿನ ಮೊಣಕಾಲು ಒದ್ದೆ ಬಟ್ಟೆಯಂತೆ ಹಿಂಡಿಸಿಕೊಳ್ಳುತ್ತದೆ. ಎರಡು ತಿಂಗಳು ನಾನು ಹಾಗೇ ಹೊಡೆದಿದ್ದೆ. ಈಗ ಕನ್ನಡಿ ಮುಂದೆ ಬರೀ ಗಾಳಿಗೆ ಗುದ್ದುವ ಶಾಡೋ ಬಾಕ್ಸಿಂಗ್‌ನಿಂದ ಶುರು ಮಾಡಿದೆ. ಎರಡು ವಾರದ ಮೇಲೆ ಗುದ್ದುವ ಬ್ಯಾಗ್. ಸ್ಕಿಪ್ಪಿಂಗ್ ಎಲ್ಲಕ್ಕಿಂತ ಕೊನೆಗೆ, ಮ್ಯಾಟ್ ಮೇಲೆ, 30 ಸೆಕೆಂಡ್ ಆಡಿ 30 ಸೆಕೆಂಡ್ ನಿಲ್ಲುವುದು. ಮೂರು ನಿಮಿಷದ ಮೂರು ರೌಂಡ್ ಮುಟ್ಟಲು ಒಂದೂವರೆ ತಿಂಗಳು ಹಿಡಿಯಿತು. ಮರುದಿನ ಬೆಳಿಗ್ಗೆ ಮೆಟ್ಟಿಲು ಕೇಳಿಯೇ ಮುಂದಿನ ಹೆಜ್ಜೆ.

ಬೈಠಕ್ ಕೂಡ ವಾಪಸ್ ಬಂದಿದೆ. ದಿನ ಬಿಟ್ಟು ದಿನ ಹದಿನೈದು, ನಿಧಾನಕ್ಕೆ. ಕಾಕಾ ಎಣಿಸುತ್ತಾ ಕೂರುತ್ತಾರೆ, ಹದಿನೈದಕ್ಕೆ ನಿಲ್ಲಿಸಿದರೆ ಮುಖ ತಿರುಗಿಸುತ್ತಾರೆ.

ನೀ ಕ್ಯಾಪ್ ಈಗ ಅವ್ವನ ಹತ್ತಿರ ಇದೆ. ಅವಳಿಗೂ ಮೊಣಕಾಲು ಹಿಡಿಯುತ್ತದೆ. ಬಾ, ಮೆಟ್ಟಿಲ ಹತ್ತಿರ ನಿಲ್ಲು, ಕಲಿಸ್ತೀನಿ ಅಂದರೆ, "ಮೊದಲ ರೊಟ್ಟಿ ಬಡದ ಬರ್ತೀನಿ ತಡಿ" ಅಂತಾಳೆ. ಮೂರು ವಾರದಿಂದ ರೊಟ್ಟಿ ಬಡಿಯುತ್ತಲೇ ಇದ್ದಾಳೆ.