ರಾಕೆಟ್ ನೋಡಲು ಶ್ರೀಹರಿಕೋಟವೋ, ಟೆಕ್ಸಾಸೋ?

ಮಳೆಗಾಲದಲ್ಲಿ ಮಲ್ಪೆ ಬೀಚಿಗೆ ಹಗ್ಗ ಕಟ್ಟಿದರೇ ನಾವು ಗೊಣಗುತ್ತೇವೆ. ರಾಕೆಟ್ಟಿಗಾಗಿ ಇಡೀ ಬೀಚನ್ನೇ ಮುಚ್ಚಿದರೆ? ಅಮೆರಿಕದ ಟೆಕ್ಸಾಸಿನಲ್ಲಿ, ಸ್ಪೇಸ್‌ಎಕ್ಸ್ ಕಂಪನಿ ರಾಕೆಟ್ ಹಾರಿಸುವ ಬೋಕಾ ಚಿಕಾದಲ್ಲಿ ಆಗುವುದು ಅದೇ. ಅಲ್ಲಿ ಕಡಲತೀರ ಎಲ್ಲರದ್ದು ಅಂತ 1959ರಲ್ಲೇ ಕಾನೂನಾಗಿದೆ. ಆದರೆ ಉಡಾವಣೆಗೆ ಬೀಚ್ ಮುಚ್ಚಬಹುದು ಅಂತ 2013ರಲ್ಲಿ ರಾಜ್ಯವೇ ದಾರಿ ಮಾಡಿಕೊಟ್ಟಿತು. ಉಡಾವಣೆಗೆ ಲೈಸೆನ್ಸ್ ಕೊಡುವುದು ಮಾತ್ರ ಅಮೆರಿಕದ ಕೇಂದ್ರ ಸರ್ಕಾರದ ವಿಮಾನಯಾನ ಸಂಸ್ಥೆ ಎಫ್‌ಎಎ. ಜನ ಸುಮಾರು 8 ಕಿ.ಮೀ. ದೂರದ ಸೌತ್ ಪಾಡ್ರೆ ದ್ವೀಪದಲ್ಲಿ ನಿಂತು ನೋಡುತ್ತಾರೆ. ಪಾಸ್ ಬೇಡ, ಕುರ್ಚಿಯನ್ನೂ ಯಾರೂ ಹಾಕಿಕೊಡುವುದಿಲ್ಲ.

ಶ್ರೀಹರಿಕೋಟದಲ್ಲಿ ಈ ಜಗಳವೇ ಇಲ್ಲ. ದ್ವೀಪಕ್ಕೆ ಸುಮ್ನೆ ಹೋಗಲು ಬಿಡುವುದೇ ಇಲ್ಲ ಅಲ್ವಾ! 2019ರಿಂದ ಜನ ಕೂತು ಉಡಾವಣೆ ನೋಡಲು ಇಸ್ರೋದ ಗ್ಯಾಲರಿ ಇದೆ. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ಒಯ್ಯಬೇಕು. ದುಡ್ಡಿಲ್ಲ. ಸೀಟು ಮಾತ್ರ ಬೇಗ ತುಂಬುತ್ತದೆ. ಖಾಸಗಿ ರಾಕೆಟ್ಟಿಗೆ ಕೇಂದ್ರ ಸರ್ಕಾರದ ಬಾಹ್ಯಾಕಾಶ ಅನುಮತಿ ಸಂಸ್ಥೆ ಇನ್‌ಸ್ಪೇಸ್‌ನ ಒಪ್ಪಿಗೆ ಬೇಕು. 2022ರಲ್ಲಿ ಸ್ಕೈರೂಟ್, 2024ರಲ್ಲಿ ಅಗ್ನಿಕುಲ್ ಎಂಬ ಖಾಸಗಿ ಕಂಪನಿಗಳು ಇಲ್ಲಿಂದಲೇ ರಾಕೆಟ್ ಹಾರಿಸಿದವು.

ಗಾತ್ರ ನೋಡುವುದಾದರೆ ಟೆಕ್ಸಾಸೇ. ಅಲ್ಲಿಂದ ಹಾರುವ ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ರಾಕೆಟ್ 120 ಮೀಟರಿಗೂ ಎತ್ತರ, ನಮ್ಮ ಪಿಎಸ್‌ಎಲ್‌ವಿ 44. ಆದರೆ ವೀಸಾ, ವಿಮಾನ ಅಂತ ಖರ್ಚು ಮಾಡಿ ಹೋದ ಮೇಲೆ ದಿನ ಮುಂದೆ ಹೋದರೆ ಏನು ಮಾಡುವುದು ಮಾರಾಯ್ರೆ?

ಮಂಗಳೂರಿನವರಿಗೆ ನಾನು ಹೇಳುವುದು ಶ್ರೀಹರಿಕೋಟವೇ. ರಾತ್ರಿ ಚೆನ್ನೈ ರೈಲು ಹತ್ತಿ, ಅಲ್ಲಿಂದ ಸೂಳ್ಳೂರುಪೇಟೆಗೆ ಲೋಕಲ್ ಹಿಡಿಯಿರಿ. ಉಡಾವಣೆ ಮುಂದೆ ಹೋದರೂ ಚೆನ್ನೈ ಸುತ್ತಿ ಬರಬಹುದು.