ಬುದ್ಧಿ ಹೇಳದ ಆಪ್ತಸಮಾಲೋಚನೆ: ಕುಡಿತಕ್ಕೆ ಪಡೆದ ಸೇವೆಯೊಂದರ ವಿಮರ್ಶೆ

ಶಿವಮೊಗ್ಗದ ಖಾಸಗಿ ಮನೋವೈದ್ಯಕೀಯ ಚಿಕಿತ್ಸಾಲಯವೊಂದರಲ್ಲಿ ಕುಡಿತದ ಸಮಸ್ಯೆ ಇರುವವರಿಗೆ ‘ಮೋಟಿವೇಶನಲ್ ಇಂಟರ್‌ವ್ಯೂಯಿಂಗ್’ ಪದ್ಧತಿಯ ಆಪ್ತಸಮಾಲೋಚನೆ ದೊರೆಯುತ್ತದೆ. ಭೇಟಿಯೊಂದಕ್ಕೆ 700 ರೂಪಾಯಿ ಶುಲ್ಕ. ಮಾತುಕತೆ ಸುಮಾರು ಮುಕ್ಕಾಲು ಗಂಟೆ ನಡೆಯುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ರಾತ್ರಿ ಊಟಕ್ಕೆ ಮುಂಚೆ ಒಂದು ಕ್ವಾರ್ಟರ್ ಮುಗಿಸುವ ರೂಢಿ ವರ್ಷಗಳಿಂದ ಇತ್ತು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಕಾಣಿಸಿಕೊಂಡ ಮೇಲೆ ಫಿಸಿಷಿಯನ್ ಅಲ್ಲಿಗೆ ಚೀಟಿ ಬರೆದುಕೊಟ್ಟರು. ಮೆಚ್ಚುಗೆಯ ಜೊತೆಗೆ ಒಂದೆರಡು ದೂರುಗಳೂ ಇರುವುದರಿಂದ ಚಿಕಿತ್ಸಾಲಯದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಪದ್ಧತಿ ಕಲಿತವರು ಬೇರೆ ಊರುಗಳಲ್ಲಿಯೂ ಇರುವುದರಿಂದ ಓದುವವರಿಗೆ ಅದರಿಂದ ನಷ್ಟವೇನೂ ಆಗಲಾರದು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ, ಕುಡಿತದ ಸಮಸ್ಯೆ ಇರುವವರ ಕುರಿತ ಲೇಖನವೊಂದರಲ್ಲಿ, ಈ ಪದ್ಧತಿಯನ್ನು ಮೊದಲು ವಿವರಿಸಿದರು. ಆಮೇಲೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಸ್ಟೀಫನ್ ರೋಲ್ನಿಕ್ ಅವರೊಡನೆ ಸೇರಿ ಅದನ್ನು ಬೆಳೆಸಿದರು. ಅವರ ದೇಶದಲ್ಲಿ ಆಗ ವ್ಯಸನದ ಚಿಕಿತ್ಸೆಯೆಂದರೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಅವನ ತಪ್ಪನ್ನು ಮುಖಕ್ಕೆ ಹೇಳಿ, ಬಾಯಿಬಿಟ್ಟು ಒಪ್ಪಿಕೊಳ್ಳುವಂತೆ ಮಾಡುವುದು ಎಂಬ ನಂಬಿಕೆ ಬಲವಾಗಿತ್ತು. ಮಿಲ್ಲರ್ ಅವರ ವಾದ ಇದಕ್ಕೆ ವಿರುದ್ಧವಾದದ್ದು. ಕುಡಿಯುವವನ ಮನಸ್ಸಿನಲ್ಲಿ ಬಿಡಬೇಕೆಂಬುದೂ ಬಿಡಲಾರೆನೆಂಬುದೂ ಒಟ್ಟಿಗೇ ಇರುತ್ತವೆ. ಎದುರಿನವರು ಬಿಡಬೇಕೆಂಬ ಪಕ್ಷವನ್ನು ಹಿಡಿದ ಕೂಡಲೇ ಅವನು ಇನ್ನೊಂದು ಪಕ್ಷದ ವಕೀಲನಾಗುತ್ತಾನೆ, ಮತ್ತು ತನ್ನ ವಾದವನ್ನು ತಾನೇ ಕೇಳಿ ನಂಬತೊಡಗುತ್ತಾನೆ. ಆದ್ದರಿಂದ ಬದಲಾವಣೆಯ ಪರವಾದ ಮಾತು ರೋಗಿಯ ಬಾಯಿಂದಲೇ ಬರುವಂತೆ ಸಂಭಾಷಣೆಯನ್ನು ನಡೆಸಬೇಕು. ನಮ್ಮ ಮನೆಗಳಲ್ಲಿ ಕುಡಿಯುವವನಿಗೆ ಅಣ್ಣ, ಮಾವ, ಸಹೋದ್ಯೋಗಿ ಎಲ್ಲರೂ ಸರದಿಯಂತೆ ಬುದ್ಧಿ ಹೇಳುವುದನ್ನೂ, ಅವನು ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಎಂದು ಸಂಜೆ ಮತ್ತೆ ಬಾರಿನ ಕಡೆಗೆ ನಡೆಯುವುದನ್ನೂ ಕಂಡವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಭೇಟಿಯ ಆರಂಭ ಒಣಗಿದಂತಿತ್ತು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬಿಸಿಕೊಂಡರು. ಅದರಲ್ಲಿ ಒಟ್ಟು 40 ಅಂಕಗಳಿದ್ದು, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆಗಿದೆ ಎಂದು ಎಣಿಸುತ್ತಾರೆ. ಬೆಳಿಗ್ಗೆ ಕೈ ನಡುಗುತ್ತದೆಯೇ, ಕುಡಿಯದ ದಿನ ಬೆವರುತ್ತದೆಯೇ, ಎಂದಾದರೂ ಫಿಟ್ಸ್ ಬಂದಿತ್ತೇ ಎಂದು ಮನೋವೈದ್ಯರು ಪ್ರತ್ಯೇಕವಾಗಿ ವಿಚಾರಿಸಿದರು. ಇದು ಬಹಳ ಮುಖ್ಯವಾದ ಹಂತ, ಏಕೆಂದರೆ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಅಂಥವರಿಗೆ ಮೊದಲು ಬೇಕಾದದ್ದು ಔಷಧಿ ಮತ್ತು ವೈದ್ಯರ ನಿಗಾ, ಮಾತುಕತೆಯೆಲ್ಲ ಅನಂತರದ್ದು. ಇದನ್ನು ಕೇಳದೆಯೇ ನೇರವಾಗಿ ಸಮಾಲೋಚನೆ ಆರಂಭಿಸುವ ಕೇಂದ್ರವಿದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಆ ಬಳಿಕ ಆಪ್ತಸಮಾಲೋಚಕಿಯ ಕೋಣೆ. ಅವರು ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಚಿಕ್ಕವರಾದ್ದರಿಂದ, ಇವರಿಂದ ಉಪದೇಶ ಕೇಳಬೇಕಲ್ಲ ಎಂಬ ಬಿಗುಮಾನದಿಂದಲೇ ನಾನು ಕುಳಿತಿದ್ದೆ. ಅವರು ಉಪದೇಶವನ್ನೇ ಮಾಡಲಿಲ್ಲ. “ಸರ್, ರಾತ್ರಿ ಕುಡಿಯುವುದರಲ್ಲಿ ನಿಮಗೆ ಹಿಡಿಸುವುದು ಯಾವುದು?” ಎಂಬುದು ಮೊದಲ ಪ್ರಶ್ನೆ. ದಿನವಿಡೀ ಕೌಂಟರಿನಲ್ಲಿ ಕೂತ ಬೇಸರ ಇಳಿಯುತ್ತದೆ, ನಿದ್ರೆ ಬರುತ್ತದೆ ಎಂದೆ. ಅವರು ಅದನ್ನು ಅಲ್ಲಗಳೆಯಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಕುಡಿತವನ್ನು ಕಡಿಮೆ ಮಾಡುವುದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಿ ಎಂದರು. ಐದು ಎಂದೆ. “ಐದು ಯಾಕೆ ಸರ್? ಎರಡು ಅಂತ ಯಾಕೆ ಹೇಳಲಿಲ್ಲ?”

ಈ ಪ್ರಶ್ನೆಯ ಚಾತುರ್ಯವು ಉತ್ತರ ಕೊಡಲು ಹೊರಟಾಗ ಮಾತ್ರ ತಿಳಿಯುತ್ತದೆ. ಎರಡು ಏಕಲ್ಲ ಎಂಬುದಕ್ಕೆ ಕಾರಣ ಕೊಡಬೇಕಾದರೆ ಕುಡಿತದಿಂದ ಆಗುತ್ತಿರುವ ತೊಂದರೆಗಳನ್ನು ನಾನೇ ಹೆಕ್ಕಿ ಹೇಳಬೇಕು. ಸ್ಕ್ಯಾನಿಂಗ್ ವರದಿಯ ಮಾತನ್ನು ಹೇಳಿದೆ. ಅದು ಅವರಿಗೂ ಗೊತ್ತಿದ್ದದ್ದು. ಮುಂದುವರಿದು, ಬೆಳಿಗ್ಗೆ ಗ್ರಾಹಕರೊಡನೆ ಮಾತನಾಡುವಾಗ ಬಾಯಿಯ ವಾಸನೆ ಅವರಿಗೆ ತಗುಲದಿರಲಿ ಎಂದು ಪಾಸ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದು ಓದುವವನಂತೆ ನಟಿಸುತ್ತೇನೆ ಎಂದೂ ಹೇಳಿಬಿಟ್ಟೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಸಮಾಲೋಚಕಿ ಗಾಬರಿಯನ್ನಾಗಲಿ ಅನುಕಂಪವನ್ನಾಗಲಿ ತೋರಿಸದೆ, “ಕೆಲಸದಲ್ಲಿ ನಿಮಗಿರುವ ಮರ್ಯಾದೆ ಉಳಿಯಬೇಕು ಎನ್ನುವುದು ನಿಮಗೆ ದೊಡ್ಡ ವಿಷಯ” ಎಂದಷ್ಟೇ ಹೇಳಿ ಸುಮ್ಮನಾದರು. ಹೇಳಿದ್ದನ್ನು ಹೀಗೆ ತುಸು ಆಳಕ್ಕಿಳಿಸಿ ಹಿಂದಿರುಗಿಸುವುದು ಈ ಪದ್ಧತಿಯ ಮುಖ್ಯ ಕೌಶಲ. ಒಳ್ಳೆಯ ಸಮಾಲೋಚಕರು ಕೇಳುವ ಪ್ರಶ್ನೆಗಳಿಗಿಂತ ಹೀಗೆ ಹಿಂದಿರುಗಿಸುವ ಮಾತುಗಳೇ ಹೆಚ್ಚಾಗಿರಬೇಕು ಎಂದು ತರಬೇತಿಯಲ್ಲಿ ಕಲಿಸುತ್ತಾರೆ.

ಮಾಹಿತಿ ಕೊಡುವ ಕ್ರಮವೂ ಗಮನಿಸಬೇಕಾದದ್ದು. ಲಿವರ್ ಬಗ್ಗೆ ನನಗೆ ಏನು ತಿಳಿದಿದೆ ಎಂದು ಮೊದಲು ಕೇಳಿದರು. ಇನ್ನೊಂದು ಸಂಗತಿ ಹೇಳಬಹುದೇ ಎಂದು ಅನುಮತಿ ಪಡೆದರು. ಈ ಹಂತದಲ್ಲಿ ಕುಡಿತ ನಿಲ್ಲಿಸಿದರೆ ಲಿವರ್ ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲದು ಎಂದು ಎರಡೇ ವಾಕ್ಯಗಳಲ್ಲಿ ಹೇಳಿ, ಇದನ್ನು ಕೇಳಿ ನಿಮಗೇನು ಅನಿಸುತ್ತದೆ ಎಂದು ಮಾತನ್ನು ಮತ್ತೆ ನನ್ನ ಕಡೆಗೇ ತಿರುಗಿಸಿದರು. ಫಿಸಿಷಿಯನ್ ಇದೇ ವಿಷಯವನ್ನು ನನಗೆ ಗದರಿಸಿ ಹೇಳಿದ್ದರು. ವಿಷಯದಲ್ಲಿ ವ್ಯತ್ಯಾಸವಿಲ್ಲ, ಆದರೆ ಕಿವಿಗೆ ಬಿದ್ದದ್ದು ಈ ಬಾರಿ.

ಗುರಿಯನ್ನು ನಿಶ್ಚಯಿಸುವ ಕೆಲಸವನ್ನು ರೋಗಿಗೇ ಬಿಡುತ್ತಾರೆ ಎಂಬುದಕ್ಕೆ ಮನೆಯವರಿಂದ ಆಕ್ಷೇಪ ಬರುವುದು ಸಹಜ. ಪೂರ್ತಿ ಬಿಡುವುದೇ ಕ್ಷೇಮ ಎಂಬ ವೈದ್ಯರ ಅಭಿಪ್ರಾಯವನ್ನು ಸಮಾಲೋಚಕಿ ಮುಚ್ಚಿಡಲಿಲ್ಲ. ಆದರೆ ವಾರದ ದಿನಗಳಲ್ಲಿ ಕುಡಿಯುವುದಿಲ್ಲ ಎಂಬ ನನ್ನ ಆಯ್ಕೆಯನ್ನು ತಳ್ಳಿಹಾಕಲೂ ಇಲ್ಲ. ಬ್ಯಾಂಕಿನಿಂದ ಮನೆಗೆ ಯಾವ ರಸ್ತೆಯಲ್ಲಿ ಹೋಗುವುದು, ಏಳರಿಂದ ಒಂಬತ್ತರವರೆಗಿನ ಹೊತ್ತನ್ನು ಹೇಗೆ ಕಳೆಯುವುದು ಎಂಬುದನ್ನೆಲ್ಲ ನಾನೇ ಹೇಳಿ ನಾನೇ ಬರೆದುಕೊಳ್ಳಬೇಕಾಯಿತು. ಈಗಲೂ ನಾನು ಪೂರ್ತಿ ಬಿಟ್ಟವನಲ್ಲ. ಶನಿವಾರ ರಾತ್ರಿಗೆ ಮಾತ್ರ ಉಳಿದಿದೆ. ಹೆಂಡತಿಯ ದೃಷ್ಟಿಯಲ್ಲಿ ಇದು ಅರ್ಧ ಕೆಲಸ, ಮತ್ತು ಅವಳ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಕಾರಣಗಳಿಲ್ಲ.

ಸೇವೆಯ ದೊಡ್ಡ ಲೋಪ ಎದುರಾದದ್ದು ಆ ಸಮಾಲೋಚಕಿ ರಜೆಯಲ್ಲಿದ್ದಾಗ. ಅವರ ಬದಲಿಗೆ ಬಂದವರ ಬಳಿ ಅದೇ ಪದ್ಧತಿಯ ಮುದ್ರಿತ ಹಾಳೆ ಇತ್ತು. ಅಂಕ ಕೇಳಿದರು, ಆರು ಎಂದೆ. “ಆರೇ ಯಾಕೆ? ಒಂಬತ್ತು ಯಾಕಲ್ಲ?” ಎಂದರು. ಮೇಲ್ನೋಟಕ್ಕೆ ಎರಡೂ ಒಂದೇ ಬಗೆಯ ಪ್ರಶ್ನೆಗಳಂತೆ ಕಾಣುತ್ತವೆ, ಆದರೆ ಇದಕ್ಕೆ ಉತ್ತರವಾಗಿ ನಾನು ಹೇಳಬೇಕಾದದ್ದು ಬಿಡಲಾಗದ ಕಾರಣಗಳನ್ನು. ಹೇಳುತ್ತಾ ಹೋದಂತೆ ಅವು ಗಟ್ಟಿಯಾಗುತ್ತಾ ಹೋದವು. ಉಳಿದ ಸಮಯವೆಲ್ಲ ಲಿವರ್ ಸಿರೋಸಿಸ್‌ನ ವರ್ಣನೆಯಲ್ಲಿ ಕಳೆಯಿತು. ಅಂದು ಸಂಜೆ ನನಗೆ ಕುಡಿಯಬೇಕೆನಿಸಿದ್ದು ಬೇರೆ ದಿನಗಳಿಗಿಂತ ಹೆಚ್ಚಾಗಿ. ಪದ್ಧತಿಯ ಹೆಸರು ಫಲಕದ ಮೇಲಿದ್ದ ಮಾತ್ರಕ್ಕೆ ಅದು ಕೋಣೆಯೊಳಗೆ ಇರುತ್ತದೆ ಎಂದು ನಂಬುವಂತಿಲ್ಲ. ಅದು ಪೂರ್ತಿಯಾಗಿ ಎದುರು ಕುಳಿತವರ ಕೈಗುಣವನ್ನು ಅವಲಂಬಿಸಿದೆ. ಶುಲ್ಕದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ಸ್ವಾಗತ ಕೌಂಟರಿನಲ್ಲಿ “ಡ್ರಿಂಕ್ಸ್ ಕೇಸು ಯಾರು?” ಎಂದು ಗಟ್ಟಿಯಾಗಿ ಕರೆಯುವ ಅಭ್ಯಾಸವನ್ನೂ ನಿಲ್ಲಿಸಬೇಕು, ಜಿಲ್ಲಾ ಕೇಂದ್ರವಾದರೂ ಅರ್ಧ ಊರಿಗೆ ಅರ್ಧ ಊರಿನ ಪರಿಚಯವಿರುತ್ತದೆ.

ನಾಲ್ಕಾರು ಭೇಟಿಗಳಿಂದ ಏನಾದೀತು ಎಂದು ಕೇಳುವವರಿಗೆ ಹೇಳಬಹುದಾದ ಎರಡು ಸಂಗತಿಗಳಿವೆ. 1997ರಲ್ಲಿ ಮುಖ್ಯ ಫಲಿತಾಂಶ ಪ್ರಕಟವಾದ, 1,726 ಮಂದಿಯನ್ನು ಒಳಗೊಂಡ ಅಮೆರಿಕದ ‘ಪ್ರಾಜೆಕ್ಟ್ ಮ್ಯಾಚ್’ ಅಧ್ಯಯನದಲ್ಲಿ, ಈ ಪದ್ಧತಿಯನ್ನು ಆಧರಿಸಿದ ನಾಲ್ಕು ಭೇಟಿಗಳ ಚಿಕಿತ್ಸೆಯು ಹನ್ನೆರಡು ವಾರಗಳ ಇನ್ನೆರಡು ಚಿಕಿತ್ಸೆಗಳಿಗೆ ಹೆಚ್ಚುಕಡಿಮೆ ಸಮನಾದ ಫಲ ಕೊಟ್ಟಿತು. ನಮಗೆ ಹತ್ತಿರದ್ದು ಗೋವಾದ ಉದಾಹರಣೆ. ಅಲ್ಲಿ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಪದವಿಯಿಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಇದೇ ಧೋರಣೆಯ ಸಮಾಲೋಚನೆಯನ್ನು ಹೆಚ್ಚೆಂದರೆ ನಾಲ್ಕು ಭೇಟಿಗಳಲ್ಲಿ ಮಾಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ನಂತರ ಹಾನಿಕರ ಕುಡಿತದಿಂದ ಹೊರಬಂದವರು ಸಮಾಲೋಚನೆ ಪಡೆದವರಲ್ಲಿ ಶೇ. 36, ಪಡೆಯದವರಲ್ಲಿ ಶೇ. 26. ಪವಾಡವೆನ್ನುವಷ್ಟು ಅಂತರವಲ್ಲ, ಕಡೆಗಣಿಸುವಷ್ಟು ಚಿಕ್ಕದೂ ಅಲ್ಲ. ಸಿಗರೇಟಿನ ವಿಷಯದಲ್ಲಿ ಮಾತ್ರ ಈ ಪದ್ಧತಿಯ ಪರವಾದ ಪುರಾವೆ ಅಷ್ಟು ಗಟ್ಟಿಯಾಗಿಲ್ಲ ಎಂಬುದನ್ನು ಧೂಮಪಾನಿ ಮಿತ್ರರು ತಿಳಿದಿರಬೇಕು.

ಬಿಡಬೇಕೋ ಬೇಡವೋ ಎಂಬ ಹೊಯ್ದಾಟದಲ್ಲಿರುವವರಿಗೆ ಈ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಬಿಡುವುದೆಂದು ಈಗಾಗಲೇ ನಿಶ್ಚಯಿಸಿದವರಿಗೆ ಇಲ್ಲಿನ ನಿಧಾನ ಬೇಸರ ತರಿಸಬಹುದು; ಅವರಿಗೆ ಔಷಧಿಯೋ, ನಮ್ಮ ಕಡೆ ನಡೆಯುವ ಧರ್ಮಸ್ಥಳದ ಮದ್ಯವರ್ಜನ ಶಿಬಿರದಂತಹ ಗುಂಪಿನ ಆಸರೆಯೋ ಹೆಚ್ಚು ಒಗ್ಗೀತು. ಹಣದ ಅಡಚಣೆ ಇರುವವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ, ಇಲ್ಲವೇ ಕನ್ನಡದಲ್ಲಿಯೂ ಮಾತನಾಡುವ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಖಾಸಗಿ ಕೇಂದ್ರಕ್ಕೇ ಹೋಗುವುದಾದರೆ, ಸಮಯ ಗೊತ್ತುಮಾಡುವಾಗಲೇ ಯಾವ ಸಮಾಲೋಚಕರು ನೋಡುತ್ತಾರೆ, ಅವರು ಈ ಪದ್ಧತಿಯಲ್ಲಿ ತರಬೇತಿ ಪಡೆದವರೇ ಎಂದು ವಿಚಾರಿಸಿಕೊಳ್ಳಿ. ನಿಮ್ಮ ಸಮಾಲೋಚಕರು ರಜೆಯಲ್ಲಿದ್ದರೆ ಭೇಟಿಯನ್ನು ಮುಂದಿನ ವಾರಕ್ಕೆ ಹಾಕಿಸಿಕೊಳ್ಳಿ.